ಒಂದೇ ಟಿವಿ, ಎರಡು ಕನ್ಸೋಲ್

ಮಾನ್ಯ ಸಂಪಾದಕರೇ,

ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಕನ್ಸೋಲ್‌ಗಳಲ್ಲಿ ಸೋನಿಯ ಪ್ಲೇಸ್ಟೇಷನ್ ಕೊಂಡವರು ನಿಂಟೆಂಡೊ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಜನ ಸುಮ್ನೆ ಹೇಳುತ್ತಾರೆ. ನಮ್ಮ ಟಿವಿ ಕೆಳಗೆ ಎರಡೂ ಇವೆ. ರಾತ್ರಿ ಮಗಳು ನಿಂಟೆಂಡೊದ ಸ್ವಿಚ್ ಕನ್ಸೋಲ್ ಅನ್ನು ಡಾಕ್‌ನಿಂದ (ಅದನ್ನು ಟಿವಿಗೆ ಜೋಡಿಸುವ ಸ್ಟ್ಯಾಂಡ್) ಎತ್ತಿಕೊಂಡು ಹಾಸಿಗೆಗೆ ಓಡುತ್ತಾಳೆ. ಆಮೇಲೆ ಟಿವಿಯೂ ಪಿಎಸ್5 (ಪ್ಲೇಸ್ಟೇಷನ್ 5) ಕೂಡ ನನ್ನದು. ದುಡ್ಡು ಹೋಗಿದ್ದು ಮಾತ್ರ ಒಂದೇ ಜೇಬಿನಿಂದ!

ಮೈನ್‌ಕ್ರಾಫ್ಟ್ ಆಟ 2014ರಿಂದ, ಎಕ್ಸ್‌ಬಾಕ್ಸ್ ಕನ್ಸೋಲ್ ಮಾರುವ ಮೈಕ್ರೋಸಾಫ್ಟ್ ಕೈಯಲ್ಲಿದೆ. ಆದರೂ ಎದುರಾಳಿಗಳ ಕನ್ಸೋಲ್‌ಗಳಲ್ಲೂ ಅದು ಸಿಗುತ್ತದೆ. ಗಿರಾಕಿಗಳು ಎಲ್ಲ ಕಡೆ ಇದ್ದಾರೆ ಅಂತ ಅವರಿಗೂ ಗೊತ್ತು ಅಲ್ವಾ?

ನನಗೆ ನಿಜಕ್ಕೂ ಬೇಜಾರಾಗಿದ್ದು ಬೇರೊಂದು ಆಟದಿಂದ. ಮಗಳೂ ಆಡಲಿ ಎಂದು ಎರಡೂ ಕನ್ಸೋಲ್‌ಗೆ ಸೇರಿ ಅದಕ್ಕೆ ಎರಡು ಸಲ ದುಡ್ಡು ಕೊಟ್ಟೆ. ಒಂದರಲ್ಲಿ 40 ಗಂಟೆ ಆಡಿದ್ದು ಇನ್ನೊಂದರಲ್ಲಿ ಬರಲೇ ಇಲ್ಲ. ಮತ್ತೆ ಮೊದಲಿನಿಂದ ಶುರು. ಆಟ ತಯಾರಿಸುವವರು ಸೇವ್ ಮಾಡಿದ ಹಂತವನ್ನಾದರೂ ಎರಡೂ ಕಡೆ ಸಿಗುವಂತೆ ಮಾಡಲಿ.

ಇಂತಿ,
ಒಬ್ಬ ಓದುಗ