ಪುಟ್ಟಿಗೆ, ಬಸ್ಸಿನಲ್ಲಿ ಕಳಿಸಿದ ಕಾಗದ

ಹಾಸನ
ಗುರುವಾರ ರಾತ್ರಿ

ಪುಟ್ಟೀ,

ಭಾನುವಾರ ಫೋನಿನಲ್ಲಿ ನಾನು ಆಡಿದ ಮಾತಿಗೆ ನಿಮ್ಮಮ್ಮ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ‘ಓದೋಕಾಗಲ್ಲ ಅಂದ್ರೆ ಗಂಟುಮೂಟೆ ಕಟ್ಕೊಂಡು ಬಾ’ ಅಂದುಬಿಟ್ಟೆ. ಅಂದವನು ಫೋನೂ ಇಟ್ಟುಬಿಟ್ಟೆ. ತಿರುಗಿ ಮಾಡೋಣವೆಂದರೆ ಮತ್ತೆ ಬಾಯಿ ಜೋರಾದೀತು ಅಂತ ಭಯ. ಅದಕ್ಕೇ ಈ ಕಾಗದ. ಕಂಡಕ್ಟರ್ ಕೆಲಸದ ಲೆಕ್ಕದ ಹಾಳೆ, ಆ ವೇ ಬಿಲ್ ಬಿಟ್ಟು ಬೇರೆ ಏನಾದರೂ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಗಣಿತದಲ್ಲಿ 50ಕ್ಕೆ 11. ಅದನ್ನು ಕೇಳಿ ನನಗೆ ಬಂದದ್ದು ಸಿಟ್ಟಲ್ಲ, ಕೈಕಾಲು ತಣ್ಣಗಾಗಿತ್ತು. ನಮ್ಮ ಡಿಪೋದವರೊಬ್ಬರ ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಮಾರನೇ ದಿನ ಅವನನ್ನು ಹಿಡಿದು ಕೂರಿಸಿಕೊಂಡು ಎಲ್ಲಾ ಕೇಳಿದೆ. ನಿಮ್ಮ ಯೂನಿವರ್ಸಿಟಿ ವಿಟಿಯುನಲ್ಲಿ ಕಾಲೇಜಿನವರೇ ಹಾಕುವ ಅಂಕಕ್ಕೆ, ಅಂದರೆ ಇಂಟರ್ನಲ್ಸ್‌ಗೆ 50ಕ್ಕೆ 20 ಬರಲೇಬೇಕಂತೆ, ಹಾಜರಿ 85 ಪರ್ಸೆಂಟ್ ಇರಬೇಕಂತೆ. ‘ಆದ್ರೆ ಅಂಕಲ್, ಇದು ಮೊದಲ ಟೆಸ್ಟ್ ಅಷ್ಟೇ. ಇನ್ನೂ ಟೆಸ್ಟ್ ಇದೆ, ಅಸೈನ್‌ಮೆಂಟ್ ಇದೆ, ಎತ್ಕೋಬಹುದು’ ಅಂದ. ಇಷ್ಟನ್ನು ಭಾನುವಾರವೇ ತಿಳಿದುಕೊಂಡಿದ್ದರೆ ನಾಲಿಗೆ ಅಷ್ಟು ಹರಿಯುತ್ತಿರಲಿಲ್ಲ.

‘ಇಷ್ಟೆಲ್ಲ ಓದಿದ್ದೆ ಅಪ್ಪ’ ಅಂತ ನೀನು ಕಳಿಸಿದ್ದ ನೋಟ್ಸಿನ ಫೋಟೋ ನೋಡಿದೆ. ಪುಟ ಪೂರ್ತಿ ಹಳದಿ. ಮದುವೆ ಮನೆಯಲ್ಲಿ ಅರಿಶಿನ ಹಚ್ಚಿದ ಹಾಗೆ ಒಂದು ಸಾಲೂ ಬಿಟ್ಟಿಲ್ಲ. ಮೊದಲು ನಗು ಬಂತು. ಆಮೇಲೆ ಕಳಿಸಿದ ಟೈಮ್ ನೋಡಿದೆ. ರಾತ್ರಿ 2.40.

ಪಿಯು ಫಿಸಿಕ್ಸ್ ಪರೀಕ್ಷೆ ದಿನದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಆ ಫ್ಲಾಸ್ಕಿನ ವಿಷಯ. ಕೆಂಪು ಮುಚ್ಚಳದ್ದು. ಹಿಂದಿನ ರಾತ್ರಿ ಅದಕ್ಕೆ ಟೀ ತುಂಬಿಟ್ಟವನು ನಾನು, ನಿಮ್ಮಮ್ಮ ಅಲ್ಲ. ಅವಳು ಬೇಡ ಅಂದಿದ್ದಳು. ಸಕ್ಕರೆ ಜಾಸ್ತಿ ಹಾಕಿ, ನಿನ್ನ ಮೇಜಿನ ಮೇಲಿಟ್ಟು, ಹೋಗಿ ಗೊರಕೆ ಹೊಡೆದೆ. ಬೆಳಗ್ಗೆ ಡ್ಯೂಟಿಗೆ ಹೊರಡುವಾಗ ಎತ್ತಿ ಅಲ್ಲಾಡಿಸಿದೆ, ಖಾಲಿ. ಖುಷಿಯಾಯಿತು ಕಣಮ್ಮ. ಖುಷಿ! ‘ನನ್ನ ಮಗಳು ರಾತ್ರಿಯೆಲ್ಲ ಓದಿದ್ದಾಳೆ’ ಅಂತ ಡ್ರೈವರ್ ಹತ್ತಿರ ಹೇಳಿಕೊಂಡೆ. ಬಸ್ಸು ಭೇರ್ಯ ದಾಟಿತ್ತು, ಫೋನ್ ಬಂತು. ‘ತಲೆ ಸುತ್ತಿ ಬಿದ್ದಿದ್ಲು, ಈಗ ಎದ್ದು ಬರೀತಿದ್ದಾಳೆ, ಗಾಬರಿ ಬೇಡ.’ ಅಲ್ಲಿಂದ ಸಾಗರಕಟ್ಟೆ ಸೇತುವೆ ಬರುವ ತನಕ ಯಾರಿಗೆ ಟಿಕೆಟ್ ಕೊಟ್ಟೆ, ಎಷ್ಟು ಚಿಲ್ಲರೆ ಕೊಟ್ಟೆ, ಒಂದೂ ಗೊತ್ತಿಲ್ಲ. ಒಬ್ಬ ಅಜ್ಜಿ ‘ಜಾಸ್ತಿ ಕೊಟ್ಟಿದ್ದೀಯಪ್ಪ’ ಅಂತ ನೋಟು ವಾಪಸ್ ಕೈಗಿಟ್ಟರು. ಆ ಫ್ಲಾಸ್ಕ್ ಈಗಲೂ ಅಡುಗೆಮನೆ ಅಟ್ಟದ ಮೇಲಿದೆ. ಎಸೆಯಲು ಮನಸ್ಸಿಲ್ಲ, ಅದರಲ್ಲಿ ಟೀ ಕುಡಿಯಲೂ ಆಗುವುದಿಲ್ಲ. ನಾನೇ ತುಂಬಿದ್ದಲ್ವಾ.

ಇನ್ನೊಂದು ಸಲ ಓದು, ಮತ್ತೊಂದು ಸಲ ಓದು ಅಂತ ನಿನಗೆ ಅಭ್ಯಾಸ ಮಾಡಿಸಿದವನೂ ನಾನೇ. ಆದರೆ ನನ್ನ ಕೆಲಸವನ್ನು ನಾನು ಹಾಗೆ ಕಲಿತವನಲ್ಲ ನೋಡು. ನಾನು ಸೇರಿದಾಗ ಈಗಿನ ಟಿಕೆಟ್ ಮಿಷನ್ ಇರಲಿಲ್ಲ. ಬಣ್ಣಬಣ್ಣದ ಟಿಕೆಟ್ ಕಟ್ಟು, ಕಿವಿಗೆ ಪೆನ್ನು, ಜೇಬಿನಲ್ಲಿ ದರದ ಪಟ್ಟಿ. ಮೊದಲ ವಾರ ಪಟ್ಟಿಯನ್ನು ದಿನಾ ಹತ್ತು ಸಲ ಓದಿದೆ. ಬಸ್ಸಿನಲ್ಲಿ ಯಾರಾದರೂ ‘ಹೊಳೆನರಸೀಪುರದಿಂದ ಇಲವಾಲ, ಎರಡು ಫುಲ್ಲು ಒಂದು ಹಾಫು’ ಅಂದರೆ ತಲೆ ಖಾಲಿ. ಲೆಕ್ಕದಲ್ಲಿ ಕಮ್ಮಿ ಬಿದ್ದದ್ದನ್ನು ಸಂಜೆ ಕೈಯಿಂದ ಕಟ್ಟುತ್ತಿದ್ದೆ. ಕೊನೆಗೆ ಹಿರಿಯ ಕಂಡಕ್ಟರೊಬ್ಬರು ಪಟ್ಟಿ ಕಿತ್ತುಕೊಂಡು ‘ನೋಡ್ದೆ ಹೇಳು’ ಅಂದರು. ತಪ್ಪು ಹೇಳಿದೆ, ಬೈದರು, ಮತ್ತೆ ಹೇಳಿದೆ. ಒಂದು ಸಲ ಹಾಸನದಿಂದ, ಇನ್ನೊಂದು ಸಲ ಕೆ.ಆರ್. ನಗರದಿಂದ, ಮತ್ತೊಂದು ಸಲ ಮೈಸೂರಿನಿಂದ ಹಿಂದಕ್ಕೆ. ಹದಿನೈದು ದಿನದಲ್ಲಿ ಬಾಯಿಗೆ ಬಂತು. ಈಗ ಕೇಳಿದರೆ ಒಂದು ದರವೂ ನೆನಪಿಲ್ಲ. ಗುಂಡಿ ಒತ್ತಿದರೆ ಮಿಷನ್ನೇ ಹೇಳುತ್ತಲ್ಲ. ನಿನ್ನ ಹಳದಿ ಪುಟವೂ ಆ ಮಿಷನ್ ತರಹವೇ. ತೆರೆದಿರುವ ತನಕ ಎಲ್ಲಾ ಗೊತ್ತಿದ್ದ ಹಾಗೇ ಇರುತ್ತೆ.

ಅದಕ್ಕೆ, ಸಂಜೆ ನೋಟ್ಸ್ ಮುಚ್ಚಿ, ಖಾಲಿ ಹಾಳೆ ತಗೊಂಡು, ಅವತ್ತು ಕ್ಲಾಸಿನಲ್ಲಿ ಮಾಡಿದ್ದನ್ನು ಬರಿ. ಬಾರದಿದ್ದದ್ದನ್ನು ಮಾತ್ರ ತೆರೆದು ನೋಡು. ಅವತ್ತೇ ಮಾಡಬೇಕು. ನಮ್ಮ ಬಸ್ಸಿಗೆ ಬರುವ ರಿಟೈರ್ಡ್ ಮೇಷ್ಟ್ರೊಬ್ಬರು ಹೇಳಿದರು, ಜರ್ಮನಿಯ ಎಬ್ಬಿಂಗ್‌ಹಾಸ್ ಅನ್ನುವವನು ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಯಾವಾಗ ಎಷ್ಟು ಮರೆತೆ ಅಂತ ತನ್ನ ಮೇಲೇ ಲೆಕ್ಕ ಇಟ್ಟು, 1885ರಲ್ಲಿ ಪುಸ್ತಕ ಬರೆದನಂತೆ. ಮರೆವು ಜಾಸ್ತಿ ಆಗುವುದು ಮೊದಲ ದಿನವೇ ಅಂತೆ. ಪಾಪ, ಅವನ ಮನೆಯವರು ಹೇಗೆ ಸಹಿಸಿಕೊಂಡರೋ. ಗಣಿತ ಅಂತೂ ಕಣ್ಣಲ್ಲಿ ಓದುವ ವಿಷಯವೇ ಅಲ್ಲ, ಪೆನ್ನಲ್ಲಿ ಮಾಡು. ಹಳೇ ಪ್ರಶ್ನೆಪತ್ರಿಕೆ ತೆಗೆ. ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ, ಅದರಲ್ಲಿ ಒಂದು ಬರೆದರೆ ಸಾಕಂತೆ. ಗಡಿಯಾರ ಇಟ್ಟುಕೊಂಡು ಬರಿ. ಇಂಗ್ಲಿಷಿನಲ್ಲಿ ಲೆಕ್ಚರರ್ ಹೇಳಿದ್ದು ತಲೆಗೆ ಹೋಗದಿದ್ದರೆ ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೋ, ಯಾರು ಕೇಳುತ್ತಾರೆ? ಮೊದಲ ಬೆಂಚಿನಲ್ಲಿ ಕೂರು. ಫೋನ್ ಟ್ರಂಕಿನಲ್ಲಿಡು. 11 ಗಂಟೆಗೆ ಲೈಟ್ ಆಫ್. ತಿಂಡಿ ಬಿಡಬೇಡ

ನಿಮ್ಮಮ್ಮ ಹಿಂದೆ ನಿಂತು ಓದಿ, ‘ಕ್ಷಮೆ ಕೇಳ್ತೀನಿ ಅಂತ ಕೂತವರು ಟೈಮ್ ಟೇಬಲ್ ಹಾಕ್ತಿದ್ದೀರಲ್ಲ’ ಅಂದಳು. ಸರಿ, ನಿಲ್ಲಿಸಿದೆ. ಆದರೆ ತಿಂಡಿ ಬಿಡಬೇಡ.

ಭಾನುವಾರ ಅಂದದ್ದು ತಪ್ಪು. ನೀನು ವಾಪಸ್ ಬಂದರೆ ನನಗೆ ಅವಮಾನ ಅಂತಲ್ಲ. ಅವಮಾನವೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಮೈಸೂರಿಗೆ ಹೋಗುವ ಹುಡುಗಿಯರು ಬ್ಯಾಗ್ ಹಾಕಿಕೊಂಡು ಹತ್ತಿದರೆ ‘ಯಾವ ಕಾಲೇಜಮ್ಮಾ? ನಮ್ಮ ಹುಡುಗಿನೂ ಅಲ್ಲೇ ಇಂಜಿನಿಯರಿಂಗು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ’ ಅಂತ ಅವರು ಕೇಳದಿದ್ದರೂ ಹೇಳುತ್ತಿರುತ್ತೇನೆ. ‘ಓದೋಕೇ ಬರಲ್ಲ ಅನ್ಸುತ್ತೆ ಅಪ್ಪ’ ಅಂದೆಯಲ್ಲ, ಆಗ ನಿನ್ನ ದನಿ ಫಿಸಿಕ್ಸ್ ಪರೀಕ್ಷೆಯ ಸಂಜೆ ಇದ್ದ ಹಾಗೇ ಇತ್ತು. ಹೆದರಿದೆ. ಹೆದರಿದಾಗ ನನಗೆ ಬೈಯಲು ಮಾತ್ರ ಬರುತ್ತೆ.

ಶನಿವಾರ ಕ್ಲಾಸ್ ಮುಗಿದ ಮೇಲೆ ಬಾ. ಶಕ್ತಿ ಯೋಜನೆ ಇದೆ, ಬಸ್ ಚಾರ್ಜಿನ ನೆಪ ಹೇಳುವಂತಿಲ್ಲ. ಆಧಾರ್ ಮರೆಯಬೇಡ.

ಈ ಕಾಗದ, ಚಕ್ಕುಲಿ, ಹುರಿಗಾಳು, ನಿನ್ನ ಹಸಿರು ಸ್ವೆಟರ್ ಎಲ್ಲಾ ನಾಳೆ ನಮ್ಮ ಗೆಳೆಯನ ಬಸ್ಸಿಗೆ ಕೊಡುತ್ತೇನೆ. ಸಂಜೆ 5ಕ್ಕೆ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಬರುತ್ತಾನೆ, ಕ್ಲಾಸ್ ತಪ್ಪಿಸಬೇಕಾಗಿಲ್ಲ. ರಾತ್ರಿ ಓದುವಾಗ ಬೇಕಾಗುತ್ತೆ ಅಂತ ನಿಮ್ಮಮ್ಮ ಆ ಫ್ಲಾಸ್ಕನ್ನೂ ತೊಳೆದು ಚೀಲಕ್ಕೆ ಹಾಕಿದ್ದಳು. ನಾನು ತೆಗೆದಿಟ್ಟೆ.

ನಿನ್ನ ಅಪ್ಪ