ಹಳೆಮನೆ ರಿಪೇರಿಗೂ ಒಂದು ಸರ್ಟಿಫಿಕೇಟ್ ಕೋರ್ಸ್ ಬೇಕು

ಮಾನ್ಯ ಸಂಪಾದಕರೇ,

ಉಡುಪಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಹಳೆಮನೆ ಇದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ನಾಲ್ಕು ವರ್ಷದ ಹಿಂದೆ ಚಾವಡಿಯ ಸುಣ್ಣದ ಗಾರೆ ಅಲ್ಲಲ್ಲಿ ಉದುರುತ್ತಿದೆ ಎಂದು ಪೂರ್ತಿ ಕೆತ್ತಿಸಿ ಸಿಮೆಂಟ್ ಬಳಿಸಿದೆವು. ಮೇಸ್ತ್ರಿಯನ್ನು ದೂರುವುದಿಲ್ಲ. ಸಿಮೆಂಟೇ ಗಟ್ಟಿ ಅಂತ ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಎರಡನೇ ಮಳೆಗಾಲಕ್ಕೆ ಗೋಡೆಯ ಪಸೆ ಸೊಂಟದವರೆಗೆ ಏರಿತು. ಬಿಳಿ ಉಪ್ಪು ಎದ್ದಿತು. ಈಗ ಬಾಗಿಲ ಚೌಕಟ್ಟಿನ, ಅಂದರೆ ದಾರಂದದ, ಬುಡವೂ ಮೆತ್ತಗಾಗಿದೆ.

ಕಾರಣ ಆಮೇಲೆ ಗೊತ್ತಾಯಿತು. ಮುರಕಲ್ಲು ತೂತುತೂತಿನ ಕಲ್ಲು, ನೆಲದ ನೀರನ್ನು ಹೀರುತ್ತದೆ. ಸುಣ್ಣದ ಗಾರೆ ಆ ಪಸೆಯನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಆಗ ನೀರಿಗೆ ಮೇಲೆ ಹತ್ತುವುದೊಂದೇ ದಾರಿ. ಅಜ್ಜನ ಕಾಲದವರು ಚಿಪ್ಪು ಸುಟ್ಟ ಸುಣ್ಣ ಬಳಿದದ್ದು ಸುಮ್ನೆ ಅಲ್ಲ.

ಇದನ್ನೆಲ್ಲ ಕಲಿಯಬೇಕೆಂದರೆ ಎಲ್ಲಿಗೆ ಹೋಗುವುದು? ದೆಹಲಿಯ ಎಸ್‌ಪಿಎಯಲ್ಲಿ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ಸ್ನಾತಕೋತ್ತರ ಕೋರ್ಸ್ ಇದೆ. ಆದರೆ ಏಣಿ ಹತ್ತಿ ಹಂಚು ಸರಿಸುವವರಿಗೆ ಅದು ಸಿಗುವಂಥದ್ದಲ್ಲ. ಅಮೆರಿಕದ ಕೆಲವು ಕಾಲೇಜುಗಳು ಇದೇ ವಿಷಯವನ್ನು ಸರ್ಟಿಫಿಕೇಟ್ ಮಟ್ಟದಲ್ಲೂ ಕಲಿಸುತ್ತವೆ. ನಮ್ಮಲ್ಲಿ ಯಾಕೆ ಆಗಬಾರದು? 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುಮಾಡಿತು. ದೂರದೂರದ ಊರುಗಳ ಮಾಡಿಗೆ ಹಂಚು ಕಳಿಸಿದ ಊರು ಇದು, ಅಲ್ವಾ?

ಮಂಗಳೂರು ಅಥವಾ ಉಡುಪಿಯ ಯಾವುದಾದರೂ ಐಟಿಐ ಆರು ತಿಂಗಳ ಕೋರ್ಸ್ ನಡೆಸಲಿ. ಎಸ್‌ಎಸ್‌ಎಲ್‌ಸಿ ಸಾಕು, ಪಾಠ ಕನ್ನಡದಲ್ಲೇ ಇರಲಿ. ಸುಣ್ಣ ನೆನೆಸಿ ಕೊಳೆಸುವುದು, ಅದಕ್ಕೆ ಬೆಲ್ಲದ ನೀರು ಸೇರಿಸುವುದು, ಹಂಚು ಹೊರುವ ಮರದ ಪಕ್ಕಾಸಿನ ಕುಂಬಾದ (ಕೊಳೆತ) ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸುವುದು, ಬಿಚ್ಚುವ ಮೊದಲು ಅಳತೆ ತೆಗೆದು ನಕ್ಷೆ ಬರೆಯುವುದು. ಈ ಕೊನೆಯದೇ ಮುಖ್ಯ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮಿಯಾರಿನ ಮನೆಯನ್ನೂ ಕುಕನೂರಿನ ಕಮಲ ಮಹಲನ್ನೂ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಯಾವ ತೊಲೆ ಎಲ್ಲಿತ್ತು ಅಂತ ಲೆಕ್ಕ ಇಡದೆ ಅಂಥ ಕೆಲಸ ಆಗುವುದಿಲ್ಲ.

ಸ್ವಲ್ಪ ಕಾನೂನೂ ಬೇಕು. ಕಾರ್ಕಳದ ಚತುರ್ಮುಖ ಬಸದಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಪಾಯ ತೋಡುವ ಮೊದಲೇ ಇದು ಮೇಸ್ತ್ರಿಗೆ ಗೊತ್ತಿದ್ದರೆ ಮನೆ ಕಟ್ಟಿಸುವವರ ದುಡ್ಡೂ ಉಳಿಯುತ್ತದೆ.

ಒಂದು ಎಚ್ಚರಿಕೆ. ಆರು ತಿಂಗಳು ಕಲಿತವರು ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಸ್ಕೇನಿ ಬರೆದ ಚಿತ್ರಗಳ ಹತ್ತಿರ ಬ್ರಷ್ ಹಿಡಿದು ಹೋಗುವುದು ಬೇಡ. ಅದಕ್ಕೆ ತಜ್ಞರೇ ಬೇಕು. ನಾನು ಹೇಳುತ್ತಿರುವುದು ಸಂರಕ್ಷಿತ ಸ್ಮಾರಕಗಳ ಯಾವ ಪಟ್ಟಿಯಲ್ಲೂ ಇಲ್ಲದ ಗುತ್ತುಮನೆ (ತುಳುನಾಡಿನ ಹಿರಿ ಮನೆತನಗಳ ದೊಡ್ಡ ಮನೆ), ಹಳೆ ಶಾಲೆ, ಪೇಟೆಯ ಮಾಳಿಗೆ ಅಂಗಡಿಗಳ ಬಗ್ಗೆ.

ಮೊದಲ ಬ್ಯಾಚಿನ ಅಭ್ಯಾಸಕ್ಕೆ ನಮ್ಮ ಚಾವಡಿಯ ಗೋಡೆ ಕೊಡಲು ನಾನು ತಯಾರಿದ್ದೇನೆ. ಸಿಮೆಂಟ್ ಕೆತ್ತುವುದರಿಂದಲೇ ಶುರುಮಾಡಬಹುದು. ಮಧ್ಯಾಹ್ನದ ಊಟ ನಮ್ಮದೇ.

— ಒಬ್ಬ ಓದುಗ, ಉಡುಪಿ