ದೆವ್ವದ ಸಿನಿಮಾಗಳ ಬಗ್ಗೆ ಮಗಳಿಗೊಂದು ಪತ್ರ

ಪುಟ್ಟಿ,

ನೀನು ಕಳಿಸಿದ ಪಟ್ಟಿಯಲ್ಲಿ ಮುಕ್ಕಾಲು ಪಾಲು ನೋಡಿ ಆಯ್ತು. ಫೋನಿನಲ್ಲಿ ಹೇಳೋಕೆ ಹೋದರೆ ನೀನು ಮಧ್ಯೆ ಬಾಯಿ ಹಾಕಿ "ಅಮ್ಮಾ, ನಿಂಗೆ ಅದು ಅರ್ಥಾನೇ ಆಗಿಲ್ಲ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಜಗಳ ಆಡು.

ನಿಮ್ಮಪ್ಪ ಶುರುವಿನಲ್ಲೇ ತಕರಾರು ತೆಗೆದರು. ಪಿತೃಪಕ್ಷದಲ್ಲಿ ಇಂಥದ್ದೆಲ್ಲ ನೋಡ್ತಾರಾ, ಬೆಳಗ್ಗೆ ಎಡೆ ಇಟ್ಟು ಕಾಗೆಗೆ ಅನ್ನ ಹಾಕಿ ರಾತ್ರಿ ಟಿವಿ ಮುಂದೆ ದೆವ್ವ ಕರೆಸಿಕೊಳ್ಳೋದು ಯಾವ ನ್ಯಾಯ ಅಂತ. ಅತ್ತೆ ತಲೆ ಎತ್ತದೆ ಅಂದರು: "ನಮ್ಮೋರಿಗೆ ಊಟ ಹಾಕಿ ಕಳಿಸಿದೀವಲ್ಲ, ಇನ್ನು ಬರೋರು ಬೇರೆಯವರು ಬಿಡೋ." ಅಷ್ಟಕ್ಕೆ ನಿಮ್ಮಪ್ಪನೂ ದಿಂಬು ತಂದು ಕೂತರು. ಕೂತವರು ಹೆಚ್ಚುಕಡಿಮೆ ಪ್ರತಿ ಸಿನಿಮಾಕ್ಕೂ ಅರ್ಧ ಗಂಟೆಯಲ್ಲಿ ಗೊರಕೆ. ಎಷ್ಟೋ ಸಲ ದೆವ್ವಕ್ಕಿಂತ ಅವರ ಗೊರಕೆಗೇ ನಾವು ಬೆಚ್ಚಿದ್ದು.

ಸರಿ, ವಿಷಯಕ್ಕೆ ಬರ್ತೀನಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿನ್ನ ಪಟ್ಟಿಯಲ್ಲೇ ಇಲ್ಲದ ಸಿನಿಮಾ. 1979ರ 'ನಾ ನಿನ್ನ ಬಿಡಲಾರೆ'. ಅತ್ತೆ ಹಟ ಮಾಡಿ ಹಾಕಿಸಿದ್ದು. ನಿನಗೆ ಅನಂತನಾಗ್ ಅಂದರೆ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದ ಮರೆವಿನ ಅಪ್ಪ, ಅಲ್ವಾ? ಇದರಲ್ಲಿ ನೋಡು ಅವರನ್ನ. ಕಾಮಿನಿ ಅನ್ನೋ ಹೆಣ್ಣು ದೆವ್ವ ಅವರ ಮೈಮೇಲೆ ಬರುತ್ತದೆ. ನಮ್ಮಲ್ಲಿ ದೆವ್ವ ಹಿಡಿಯೋದು ಯಾವಾಗಲೂ ಹೆಂಗಸರಿಗೆ, ಇಲ್ಲಿ ಉಲ್ಟಾ. ಈಗಿನ ಹಾಗೆ ಕಂಪ್ಯೂಟರಿನಲ್ಲಿ ಏನೂ ಮಾಡೋ ಹಾಗಿರಲಿಲ್ಲ, ಎಲ್ಲ ಆ ಮನುಷ್ಯನ ಮುಖದಲ್ಲೇ ಆಗಬೇಕು, ಮತ್ತೆ ಆಗುತ್ತದೆ ಕೂಡ. ಮುಖ ಅದೇ, ನೋಟ ಮಾತ್ರ ಬೇರೆ ಯಾರದ್ದೋ. ಹೆಂಡತಿಯಾಗಿ ಲಕ್ಷ್ಮಿ. ಮನೆಯಲ್ಲಿ ಜೊತೆಗಿರೋ ಗಂಡ ತನ್ನ ಗಂಡ ಅಲ್ಲ ಅಂತ ಅವಳಿಗೆ ಅನುಮಾನ ಬರೋದು ಇದೆಯಲ್ಲ, ಅಲ್ಲಿ ನನ್ನ ಕೈ ತಣ್ಣಗಾಯ್ತು. ಕೊನೆಗೆ ಮಂತ್ರಾಲಯ, ರಾಯರು. ಅತ್ತೆ ಟಿವಿಗೇ ಕೈ ಮುಗಿದರು. ನೀನಾಗಿದ್ದರೆ ನಗ್ತಿದ್ದೆ, ನನಗೂ ಸ್ವಲ್ಪ ನಗು ಬಂತು, ಆದರೂ ಹೇಳ್ತೀನಿ ಕೇಳು, ದೇವರನ್ನ ನಿಜವಾಗಿ ನಂಬೋ ಸಿನಿಮಾದಲ್ಲೇ ದೆವ್ವವೂ ನಿಜ ಅನ್ನಿಸೋದು. ಇದನ್ನೇ ಡೈರೆಕ್ಟರ್ ವಿಜಯ್ 1981ರಲ್ಲಿ ಹಿಂದಿಯಲ್ಲಿ 'ಮಂಗಲಸೂತ್ರ' ಅಂತ ಮಾಡಿದರು, ಅನಂತನಾಗ್ ಜೊತೆ ರೇಖಾ. ಅದನ್ನ ಹುಡುಕಿ ಕೊಡು.

ಆಮೇಲೆ 'ಆಪ್ತಮಿತ್ರ'. ನೀನು ಚಿಕ್ಕವಳಿದ್ದಾಗ "ರಾ ರಾ" ಹಾಡು ಬಂದರೆ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಈ ಸಲ ನೋಡಿದಾಗ ಮೊದಲರ್ಧ ತುಂಬಾ ಎಳೆದ ಹಾಗನ್ನಿಸಿತು. ತಮಾಷೆ ಜಾಸ್ತಿ ಆಯ್ತು, ಹಾಡುಗಳೂ ಜಾಸ್ತಿ. ಆದರೆ ಸೌಂದರ್ಯ! ಗಂಡ ಹೊರಗೆ ಹೋಗೋದು ಬೇಡ ಅಂದಾಗ ಅವಳ ದನಿ ಬದಲಾಗುತ್ತದಲ್ಲ, ಆ ಜಾಗ ಇನ್ನೊಂದು ಸಲ ಹಾಕಿ ನೋಡು. ಮೊದಲು ಸುಮ್ನೆ ಮುನಿಸಿಕೊಂಡ ಹೆಂಡತಿ, "ಯಾಕೆ ಬೇಡ?" ಅನ್ನೋ ಅಷ್ಟೇ ಕೋಪ. ಮಾತು ಮುಂದುವರಿದ ಹಾಗೆ ಗಂಟಲು ಇಳಿಯುತ್ತದೆ, ಕಣ್ಣು ಒಂದು ಕಡೆ ನಿಲ್ಲುತ್ತದೆ, ಎದುರಿಗೆ ನಿಂತಿರೋದು ಹೆಂಡತಿ ಗಂಗಾ ಅಲ್ಲ, ಸತ್ತ ನರ್ತಕಿ ನಾಗವಲ್ಲಿ. ಸೌಂದರ್ಯ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋದರು, ಸಿನಿಮಾ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಅವತ್ತು ಥಿಯೇಟರಿನಲ್ಲಿ ಅವರು ತೆರೆ ಮೇಲೆ ಬಂದಾಗ ನಮಗೆಲ್ಲ ಒಂಥರಾ ಆಗಿತ್ತು, ಶಿಳ್ಳೆ ಹಾಕೋರು ಕೂಡ ಒಂದು ಕ್ಷಣ ಸುಮ್ಮನಾಗಿದ್ದರು. ಮಲಯಾಳದ 'ಮಣಿಚಿತ್ರತ್ತಾಳ್' ಮೂಲ, 1993ರದ್ದು, ಅದರಲ್ಲಿ ಶೋಭನಾ ಇನ್ನೂ ಚೆನ್ನಾಗಿ ಮಾಡಿದ್ದಾರೆ ಅಂತ ನೀನು ಹೇಳ್ತೀಯ. ಇರಬಹುದು, ರಾಷ್ಟ್ರಪ್ರಶಸ್ತಿ ಸುಮ್ನೆ ಕೊಡಲ್ಲ. ನಮಗೆ ನಮ್ಮ ಸೌಂದರ್ಯ.

ಇಷ್ಟು ಸಿನಿಮಾ ಒಟ್ಟೊಟ್ಟಿಗೆ ನೋಡಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ ನೋಡು. ನಮ್ಮ ಸಿನಿಮಾಗಳಲ್ಲಿ ಹೆಂಗಸು ಬದುಕಿದ್ದಾಗ ಅವಳ ಮಾತು ಯಾರೂ ಕೇಳಲ್ಲ. ಸತ್ತು ದೆವ್ವವಾಗಿ ಬಂದ ಮೇಲೇ ಮನೆಯವರೆಲ್ಲ ಕಿವಿ ಕೊಡೋದು. ಅವಳು ಇನ್ನೇನು ಪೂರ್ತಿ ಹೇಳಬೇಕು ಅನ್ನೋ ಹೊತ್ತಿಗೆ ಮಂತ್ರವಾದಿಯನ್ನ ಕರೆಸಿ ಬಾಯಿ ಮುಚ್ಚಿಸ್ತಾರೆ! ನಾಗವಲ್ಲಿಯನ್ನೇ ತಗೋ. ನರ್ತಕಿ, ಅವಳು ಇಷ್ಟಪಟ್ಟವನನ್ನ ರಾಜ ಕೊಂದ, ಅವಳನ್ನೂ ಬಿಡಲಿಲ್ಲ. ಅವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತೆ? ಆ ದೃಷ್ಟಿಯಿಂದ ನೋಡಿದರೆ ಕೆಲವು ಸಿನಿಮಾ ಮೇಲಕ್ಕೆ ಹೋಗ್ತವೆ, ಕೆಲವು ದಬ್ಬನೆ ಬೀಳ್ತವೆ.

ಬಿದ್ದವು ಮೊದಲು ಹೇಳಿಬಿಡ್ತೀನಿ. '6-5=2' ನನಗೆ ಹಿಡಿಸಲೇ ಇಲ್ಲ. ನೀವೆಲ್ಲ 2013ರಲ್ಲಿ ಅದನ್ನ ನಿಜ ನಿಜ ಅಂತ ಕುಣಿದಿರಿ. ಟ್ರೆಕ್ಕಿಂಗ್ ಹೋದವರ ಕ್ಯಾಮೆರಾ ಸಿಕ್ಕಿತಂತೆ, ಅದರಲ್ಲಿ ಇದ್ದದ್ದೇ ಈ ವಿಡಿಯೋ ಅಂತೆ. ಐಡಿಯಾ ಒಳ್ಳೆಯದೇ, ಕಾಡೂ ಚೆನ್ನಾಗಿದೆ. ಆದರೆ ಕ್ಯಾಮೆರಾ ಆ ಪರಿ ಅಲ್ಲಾಡಿ ಅಲ್ಲಾಡಿ ಅತ್ತೆಗೆ ತಲೆ ಸುತ್ತು ಬಂದು ನಿಂಬೆಹಣ್ಣು ಮೂಸಿಕೊಂಡು ಕೂತರು. ಹುಡುಗರು ಯಾರು, ಅವರಿಗೇನು ಆಸೆ, ಏನು ಜಗಳ ಅಂತ ಗೊತ್ತಾಗೋ ಮೊದಲೇ ಕಿರುಚಾಟ. ಗುರುತೇ ಆಗದವರು ಸತ್ತರೆ ನನಗೇನು ಭಯ ಆಗಬೇಕು ಹೇಳು.

'ಆಪ್ತರಕ್ಷಕ' ಭಯಕ್ಕೆ ನೋಡೋ ಸಿನಿಮಾ ಅಲ್ಲ, ವಿಷ್ಣುವರ್ಧನ್‌ಗೆ ನೋಡೋದು. ಅವರು ಹೋದದ್ದು 2009ರ ಡಿಸೆಂಬರ್ 30, ಇದು ಬಂದದ್ದು ಮುಂದಿನ ಫೆಬ್ರವರಿಯಲ್ಲಿ. ಅವರೇ ಮಾಡಿದ ರಾಜ ಬಹದ್ದೂರ್ ಪಾತ್ರ ಬಂದಾಗ ನಿಮ್ಮಪ್ಪ ಎದ್ದು ಕೂತು ಚಪ್ಪಾಳೆ ತಟ್ಟಿ ಮತ್ತೆ ಮಲಗಿದರು. ಅಷ್ಟೇ.

'ಸ್ತ್ರೀ' ಮೊದಲನೆಯದು ಇಷ್ಟವಾಯ್ತು, ಎರಡನೆಯದು ಇಲ್ಲ. 2018ರದ್ದರಲ್ಲಿ ಚಂದೇರಿ ಅನ್ನೋ ಊರಿನ ಗೋಡೆ ಮೇಲೆಲ್ಲ "ಓ ಸ್ತ್ರೀ ಕಲ್ ಆನಾ" ಅಂತ ಬರೆದಿರ್ತಾರೆ. ಅಯ್ಯೋ, ಇದು ನಮ್ಮ ಬೆಂಗಳೂರಿನ "ನಾಳೆ ಬಾ" ಅಂತ ನಾನು ಕೂಗಿಬಿಟ್ಟೆ. ತೊಂಬತ್ತರ ದಶಕದಲ್ಲಿ ಎಲ್ಲ ಕಡೆ ಇದೇ ಸುದ್ದಿ. ರಾತ್ರಿ ಹೆಂಗಸೊಬ್ಬಳು ಬಂದು ನಮ್ಮವರ ದನಿಯಲ್ಲೇ ಹೆಸರು ಹಿಡಿದು ಕೂಗ್ತಾಳೆ, ಬಾಗಿಲು ತೆಗೆದರೆ ಮುಗೀತು. ಅದಕ್ಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯೋದು, ಅವಳು ಓದಿಕೊಂಡು ವಾಪಸ್ ಹೋಗೋದು, ಮಾರನೇ ದಿನ ಬಂದು ಮತ್ತೆ ಅದನ್ನೇ ಓದೋದು. ನಮ್ಮಜ್ಜಿ ಬಾಡಿಗೆ ಮನೆಯ ಹಸಿರು ಬಾಗಿಲ ಮೇಲೆ ನನ್ನ ಕೈಯಲ್ಲಿ ಸೀಮೆಸುಣ್ಣ ಕೊಟ್ಟು ಬರೆಸಿದ್ದರು. ಅಕ್ಷರ ದುಂಡಗೆ ಬರೀ, ದೆವ್ವಕ್ಕೆ ಓದೋಕೆ ಆಗಬೇಕಲ್ಲ ಅಂತ ಬೇರೆ. ಎದುರು ಮನೆಯವರು ಯಾವುದಕ್ಕೂ ಇರಲಿ ಅಂತ ತಮಿಳಿನಲ್ಲೂ ಬರೆಸಿದ್ದರು. ಮಳೆ ಬಂದರೆ ಅಳಿಸಿ ಹೋಗುತ್ತಿತ್ತು, ಅವತ್ತು ಮಾತ್ರ ನಿಜವಾಗಿ ಭಯ. 'ಸ್ತ್ರೀ' ಸಿನಿಮಾದವರು ಜಾಣರು, ಆ ಹೆಂಗಸಿಗೆ ಬೇಕಾಗಿದ್ದದ್ದು ಪ್ರೀತಿ, ಮರ್ಯಾದೆ ಅಂತ ಕೊನೆಗಾದರೂ ಕೇಳಿಸಿಕೊಳ್ತಾರೆ. 2024ರ ಎರಡನೇ ಭಾಗದಲ್ಲಿ ತಲೆಯಿಲ್ಲದ ದೆವ್ವ, ಗದ್ದಲ, ದೊಡ್ಡ ದೊಡ್ಡ ಗ್ರಾಫಿಕ್ಸ್. ತಲೆ ನೋವು ನಮಗೆ ಬಂತು.

'ಯು ಟರ್ನ್' ಬಗ್ಗೆ ಒಂದು ಮಾತು, ಬೈಗುಳವೂ ಸೇರಿ. ಪವನ್ ಕುಮಾರ್ ಚೆನ್ನಾಗಿ ಮಾಡಿದ್ದಾರೆ, ಶ್ರದ್ಧಾ ಶ್ರೀನಾಥ್ ಕೂಡ. ಹಾಳು ಬಂಗಲೆ ಇಲ್ಲ, ಬಿಳಿ ಸೀರೆ ಇಲ್ಲ, ಡಬಲ್ ರೋಡಿನ ಫ್ಲೈಓವರು, ಹಾಡುಹಗಲು, ಟ್ರಾಫಿಕ್ಕು. ನಡುವಿನ ಸಿಮೆಂಟ್ ಬ್ಲಾಕ್ ಸರಿಸಿ ಗಾಡಿ ತಿರುಗಿಸಿಕೊಂಡು ಹೋಗೋರು, ಆ ಬ್ಲಾಕ್ ಅಲ್ಲೇ ಬಿದ್ದಿರುತ್ತೆ, ಹಿಂದೆ ಬರೋರ ಗತಿ? ಇದಕ್ಕಿಂತ ಬೆಂಗಳೂರಿನ ಭಯ ಇನ್ನೊಂದಿಲ್ಲ. ಕೊನೆಗೆ ಆ ಬ್ಲಾಕ್ ಸರಿಸಿದವರು ಯಾರು ಅಂತ ಗೊತ್ತಾದಾಗ ಎದೆ ಧಸಕ್ಕೆಂದಿತು. ಆದರೆ ಪುಟ್ಟಿ, ನೀನು ಅದೇ ಫ್ಲೈಓವರ್ ಮೇಲೆ ದಿನಾ ಸ್ಕೂಟಿಯಲ್ಲಿ ಹೋಗ್ತೀಯ. ಇಂಥಾ ಸಿನಿಮಾ ಅಮ್ಮನಿಗೆ ಕಳಿಸ್ತಾರೇನೇ? ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡ್ಕೋ.

ನೀನು ಹೊಗಳಿ ಹೊಗಳಿ ಕಳಿಸಿದ 'ದಿ ಎಕ್ಸಾರ್ಸಿಸ್ಟ್' ನೋಡಿ ಅತ್ತೆ ನಕ್ಕರು ಅಂದರೆ ನಿನಗೆ ಬೇಜಾರಾಗುತ್ತೆ. ದೆವ್ವ ಹಿಡಿದ ಹುಡುಗಿಯ ಆ ಹಸಿರು ವಾಂತಿ, ತಲೆ ಪೂರ್ತಿ ತಿರುಗೋದು, 1973ರಲ್ಲಿ ಜನ ಹೆದರಿರಬಹುದು, ಈಗ ಅದನ್ನ ಅಣಕ ಮಾಡಿದ್ದನ್ನೇ ನಾವು ಎಷ್ಟು ನೋಡಿಲ್ಲ. ಮಂಚದ ಸುತ್ತ ನಿಂತವರ ಬಾಯಿಂದ ಹೊಗೆ ಬರುತ್ತಲ್ಲ, ಅದಕ್ಕೆ ಇಡೀ ಕೋಣೆಯ ಸೆಟ್ಟನ್ನೇ ಫ್ರಿಜ್ಜಿನ ಹಾಗೆ ಕೊರೆಯುವಷ್ಟು ತಣ್ಣಗೆ ಮಾಡಿದ್ದರಂತೆ, ಅದು ಮಾತ್ರ ಮೈ ನಡುಗಿಸಿತು. ನನಗೆ ನಿಜವಾಗಿ ತಡೆಯಲಾಗದೆ ಎದ್ದು ಅಡುಗೆಮನೆಗೆ ಹೋಗಿದ್ದು ಬೇರೆ ಕಡೆ. ಆಸ್ಪತ್ರೆಯಲ್ಲಿ ಆ ಹುಡುಗಿಯ ಕತ್ತಿಗೆ ಸೂಜಿ ಚುಚ್ಚಿ, ಯಂತ್ರ ದಡಬಡ ಅಂತ ಸದ್ದು ಮಾಡುತ್ತಾ ಫೋಟೋ ತೆಗೆಯುತ್ತದಲ್ಲ, ಅಲ್ಲಿ. ದೆವ್ವ ಇಲ್ಲ, ಏನೂ ಇಲ್ಲ. ಡಾಕ್ಟರುಗಳು ಒಬ್ಬರಾದ ಮೇಲೆ ಒಬ್ಬರು ರಿಪೋರ್ಟ್ ನೋಡಿ ಏನೂ ಕಾಣ್ತಿಲ್ಲ ಅಂತಾರೆ, ಆ ತಾಯಿಗೆ ಮಾತ್ರ ಮಗಳು ಮಗಳಾಗಿಲ್ಲ ಅಂತ ಗೊತ್ತು. ನಿನಗೆ ಡೆಂಗಿ ಆಗಿ ಪ್ಲೇಟ್‌ಲೆಟ್ ಇಳಿಯುತ್ತಾ ಹೋದಾಗ ನಾನು ಕಾರಿಡಾರಿನಲ್ಲಿ ನಿಂತಿದ್ದೆನಲ್ಲ, ಅದು ನೆನಪಾಯ್ತು. ಆ ತಾಯಿ ಪಾತ್ರ ಮಾಡಿದ ಎಲೆನ್ ಬರ್ಸ್ಟಿನ್‌ಗೆ ನನ್ನ ಕಡೆಯಿಂದ ಫುಲ್ ಮಾರ್ಕ್ಸ್.

'ತುಂಬಾಡ್' ನೀನು ಹೇಳಿದಷ್ಟೂ ನಿಜ. ಆ ಮಳೆ, ಆ ಕೊಳೆತ ವಾಡೆ. ಎಷ್ಟೋ ಮಳೆಗಾಲ ಕಾದು ಶೂಟಿಂಗ್ ಮಾಡಿದ್ದರಂತೆ, ಅದು ಕಾಣುತ್ತೆ, ಗೋಡೆಯ ಪಾಚಿ ಕೂಡ ನಿಜವಾದದ್ದು ಅನ್ನಿಸುತ್ತೆ. ಹಸ್ತರ್ ಲಂಗೋಟಿಯಲ್ಲಿ ಚಿನ್ನದ ನಾಣ್ಯ ಇಟ್ಟುಕೊಂಡಿರೋ ದೆವ್ವ, ಹಿಟ್ಟಿನ ಬೊಂಬೆ ಕಂಡರೆ ಓಡಿ ಬರ್ತಾನೆ. ಆದರೆ ನನಗೆ ಹಸ್ತರ್‌ಗಿಂತ ಭಯ ಆದದ್ದು ಅಪ್ಪ ಮಗನನ್ನ ಆ ನಾಣ್ಯ ಕದಿಯೋ ಕೆಲಸಕ್ಕೆ ತಯಾರು ಮಾಡೋದು. ಮನೆಯಲ್ಲೇ ಪ್ರಾಕ್ಟೀಸು! ಲಂಗೋಟಿ ಎಳೆದು ನಾಣ್ಯ ಕೀಳೋದು ಹೇಗೆ ಅಂತ ಪಾಠ ಹೇಳೋ ಹಾಗೆ ಹೇಳಿಕೊಡ್ತಾನೆ, ಆ ಕಂದ ಅಪ್ಪನಿಗಿಂತ ಒಂದು ಕೈ ಮುಂದೆ. 2018ರಲ್ಲಿ ಜನ ಅಷ್ಟಾಗಿ ನೋಡಲಿಲ್ಲ, 2024ರಲ್ಲಿ ಮತ್ತೆ ಬಿಟ್ಟಾಗ ಮೊದಲಿಗಿಂತ ಜಾಸ್ತಿ ದುಡ್ಡು ಮಾಡಿತು. ಒಳ್ಳೇದಾಯ್ತು.

'ಭ್ರಮಯುಗಂ' ಕಪ್ಪು ಬಿಳುಪು ಅಂತ ಗೊತ್ತಾದಾಗ ಟಿವಿ ಕೆಟ್ಟಿದೆ ಅಂದುಕೊಂಡು ನಿಮ್ಮಪ್ಪ ರಿಮೋಟ್ ಒತ್ತಿ ಒತ್ತಿ ಇಟ್ಟರು. ಮಮ್ಮೂಟ್ಟಿ ಪಗಡೆ ಆಡೋಕೆ ಕರೀತಾರಲ್ಲ, ಪಣಕ್ಕೆ ದುಡ್ಡಲ್ಲ, ಆ ಬಡಪಾಯಿ ಹಾಡುಗಾರನ ಆಯುಷ್ಯ! ಅಷ್ಟು ಮೆತ್ತಗೆ ನಗ್ತಾ ಕೇಳ್ತಾರೆ. ದೊಡ್ಡ ಮನೆಯವರು ಊಟ ಹಾಕಿ, ಮಲಗೋಕೆ ಜಾಗ ಕೊಟ್ಟು, ಆಮೇಲೆ ಹೋಗೋಕೇ ಬಿಡದಿರೋದನ್ನ ನಮ್ಮ ಕಡೆ ಜೀತ ಅಂತಿದ್ದರು. ಇದೂ ಅದೇ. ಅದಕ್ಕೇ ನನಗೆ ಅಲ್ಲಿನ ಚಾತನ್ ಅನ್ನೋ ಭೂತಕ್ಕಿಂತ ಆ ಜಗಲಿ ಮೇಲಿನ ನಗುವೇ ಜಾಸ್ತಿ ಕಾಡಿತು.

ಕೊನೆಗೆ ಇಟ್ಟುಕೊಂಡದ್ದು 'ಸು ಫ್ರಮ್ ಸೋ'. ಎಲ್ಲರಿಗೂ ಇಷ್ಟವಾದದ್ದು ಇದೊಂದೇ, ನಿಮ್ಮಪ್ಪ ಕಣ್ಣು ಮುಚ್ಚದೆ ನೋಡಿದ್ದೂ ಇದೊಂದೇ. ಜೆ.ಪಿ. ತುಮಿನಾಡು ಆ ಕರಾವಳಿ ಊರನ್ನ ಎಷ್ಟು ಚೆನ್ನಾಗಿ ಬಲ್ಲರು! ಒಬ್ಬ ಹುಡುಗ ಮಾನ ಉಳಿಸಿಕೊಳ್ಳೋಕೆ ದೆವ್ವ ಬಂದ ಹಾಗೆ ಆಡ್ತಾನೆ, ಬಂದದ್ದು ಸೋಮೇಶ್ವರದ ಸುಲೋಚನ ಅಂತ ಆಗುತ್ತೆ, ಊರಿಗೆ ಊರೇ ನಡುಗುತ್ತೆ. ರವಿಯಣ್ಣನ ಗತ್ತು, ಆ ಭಾವ ಬರೋ ಹಾಡು, ರಾಜ್ ಶೆಟ್ಟಿ ಗುರೂಜಿ, ನಕ್ಕು ನಕ್ಕು ಅತ್ತೆಗೆ ಕೆಮ್ಮು ಹತ್ತಿತು. ಹೆಂಗಸಿನ ಮಾತು ಯಾರೂ ಕೇಳಲ್ಲ ಅಂತ ನಾನು ಮೇಲೆ ಹೇಳಿದ ತಕರಾರಿಗೆ ಸರಿಯಾದ ಉತ್ತರ ಸಿಕ್ಕಿದ್ದು ಈ ತಮಾಷೆ ಸಿನಿಮಾದಲ್ಲಿ. ಸುಲೋಚನ ಅಂದರೆ ಓಡುತ್ತಿದ್ದವರಿಗೆ ಅವಳೂ ಒಬ್ಬ ಹೆಂಗಸಾಗಿದ್ದಳು, ಅವಳಿಗೊಬ್ಬ ಮಗಳಿದ್ದಾಳೆ, ಆ ಮಗಳಿಗೂ ಕಷ್ಟ ಇದೆ ಅಂತ ನಿಧಾನಕ್ಕೆ ಕಾಣಿಸುತ್ತೆ. ಅಲ್ಲಿಂದ ಮುಂದೆ ನಗು ಇದ್ದರೂ ನನಗೆ ಗಂಟಲು ಕಟ್ಟಿತ್ತು.

ಬಾಕಿ ಉಳಿದಿರೋದು 'ಭೂತಕಾಲಂ', ರೇವತಿ ಇದ್ದಾರೆ ಅಂತ ನಾನೇ ಎತ್ತಿಟ್ಟಿದ್ದೇನೆ. ಮತ್ತೆ ಜಪಾನಿನ 'ರಿಂಗು'. ಅತ್ತೆಗೆ ಅದು ಬೇಕೇ ಬೇಕಂತೆ, ಟಿವಿಯಿಂದ ಹೊರಗೆ ಬರೋ ದೆವ್ವ ಅಂತ ಯಾರೋ ಹೇಳಿದ್ದಾರೆ. ಆದರೆ ಅವರಿಗೆ ಕೆಳಗೆ ಬರೋ ಇಂಗ್ಲಿಷ್ ಅಕ್ಷರ ಓದೋಕೆ ಆಗಲ್ಲ, ನಾನು ಓದಿ ಹೇಳುವಷ್ಟರಲ್ಲಿ ದೆವ್ವ ಬಂದು ಹೋಗಿರುತ್ತೆ. ದೀಪಾವಳಿಗೆ ರಜೆ ಹಾಕಿ ಬಂದರೆ ಓದಿ ಹೇಳೋ ಕೆಲಸ ನಿನ್ನದು. ಬಸ್ಸಿನ ಟಿಕೆಟ್ ಈಗಲೇ ಮಾಡಿಸು, ಆಮೇಲೆ ಎರಡು ಪಟ್ಟು ಕೇಳ್ತಾರೆ.

ಇಂತಿ,
ನಿನ್ನ ಅಮ್ಮ